ಮತಗಟ್ಟೆಯಲ್ಲಿ ವೈಟ್ನರ್‌ಗೆ ಜಾಗವಿಲ್ಲ

ಮತ ಎಣಿಕೆ ಸಿಬ್ಬಂದಿಗೆ ತರಬೇತಿ ಕೊಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು: ಫಲಿತಾಂಶದ ನಮೂನೆಯಲ್ಲಿ 217ರ ಬದಲು 271 ಎಂದು ಬರೆದುಬಿಟ್ಟಿರಿ, ಈಗೇನು ಮಾಡುತ್ತೀರಿ? ಅರ್ಧದಷ್ಟು ಜನ ‘ಅಳಿಸಿ ಬರೆಯುತ್ತೇವೆ’ ಎನ್ನುತ್ತಾರೆ. ಮನೆಯ ಲೆಕ್ಕದ ಪುಸ್ತಕಕ್ಕೆ ಅದು ನಡೆದೀತು.

ಆಫ್ರಿಕಾದ ಮಲಾವಿ ದೇಶದಲ್ಲಿ 2019ರ ಮೇ 21ರಂದು ಅಧ್ಯಕ್ಷೀಯ ಚುನಾವಣೆ ನಡೆಯಿತು. ಅಧಿಕಾರದಲ್ಲಿದ್ದ ಪೀಟರ್ ಮುಥಾರಿಕಾ ಗೆದ್ದರೆಂದು ಆಯೋಗ ಘೋಷಿಸಿತು. ಆದರೆ ಹಲವು ಫಲಿತಾಂಶ ಪತ್ರಗಳ ಮೇಲೆ ವೈಟ್ನರ್ ಬಳಿದಿತ್ತು. ತಿಂಗಳುಗಟ್ಟಲೆ ಜನ ಬೀದಿಯಲ್ಲಿದ್ದರು. 2020ರ ಫೆಬ್ರುವರಿ 3ರಂದು ಐವರು ನ್ಯಾಯಮೂರ್ತಿಗಳು ಗುಂಡುನಿರೋಧಕ ಕವಚ ತೊಟ್ಟು ಬಂದು ಆ ಚುನಾವಣೆಯನ್ನು ರದ್ದುಪಡಿಸಿದರು. ಜೂನ್ 23ರ ಮರುಚುನಾವಣೆಯಲ್ಲಿ ಲಾಜರಸ್ ಚಕ್ವೇರಾ ಗೆದ್ದರು. (2025ರಲ್ಲಿ ಮುಥಾರಿಕಾ ಅದೇ ಮತಪೆಟ್ಟಿಗೆಯ ದಾರಿಯಲ್ಲಿ ಮರಳಿ ಬಂದರು, ಅದು ಬೇರೆ ಮಾತು.)

ಈ ತೀರ್ಪಿನ ಮಾತು ಬಂದಾಗ ಎಲ್ಲರೂ ನ್ಯಾಯಮೂರ್ತಿಗಳ ಧೈರ್ಯವನ್ನು ಹೊಗಳುತ್ತಾರೆ. ಹೊಗಳಬೇಕಾದದ್ದೇ. ನನ್ನ ಕಣ್ಣು ಮಾತ್ರ ಆ ಬಿಳಿ ಕಲೆಗಳನ್ನು ಬಿಟ್ಟು ಕದಲುವುದಿಲ್ಲ. ಅವುಗಳಲ್ಲಿ ಮೋಸವೆಷ್ಟು, ನಿದ್ದೆಗಣ್ಣಿನ ತಪ್ಪೆಷ್ಟು? ಬಳಿದ ಮೇಲೆ ಹೇಳುವುದು ಹೇಗೆ? ಪ್ರಾಮಾಣಿಕನ ತಿದ್ದುಪಡಿಯೂ ಕಳ್ಳನ ತಿದ್ದುಪಡಿಯೂ ಆ ಬಿಳುಪಿನಡಿ ಒಂದೇ ಆಗಿಬಿಡುತ್ತವೆ. ಅದಕ್ಕೇ ನಾನು ಹೇಳಿಕೊಡುವುದು: ತಪ್ಪಾದ ಅಂಕಿಯ ಮೇಲೆ ಒಂದೇ ಗೆರೆ ಎಳೆಯಿರಿ, ಅಂಕಿ ಓದುವಂತಿರಲಿ, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ನೀವೂ ಪಕ್ಷಗಳ ಏಜೆಂಟರೂ ಸಹಿ ಹಾಕಿ. ತಪ್ಪು ಕಾಣುತ್ತಿರುವವರೆಗೆ ಅನುಮಾನಕ್ಕೆ ಆಸ್ಪದ ಕಡಿಮೆ.

ಕೀನ್ಯಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 2017ರ ಆಗಸ್ಟ್‌ನ ಅಧ್ಯಕ್ಷೀಯ ಚುನಾವಣೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ರದ್ದುಪಡಿಸಿತು. ಮತಗಟ್ಟೆ ಮಟ್ಟದ ‘34ಎ’ ನಮೂನೆಗಳೆಲ್ಲ ಕೈಸೇರುವ ಮೊದಲೇ ಗೆದ್ದವರ ಹೆಸರು ಘೋಷಣೆಯಾಗಿತ್ತು. 2022ರಲ್ಲಿ ಆಯೋಗ 46 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ 34ಎ ಚಿತ್ರಗಳನ್ನು ಜಾಲತಾಣಕ್ಕೆ ಏರಿಸುತ್ತ ಹೋಯಿತು. ಬೇಕೆಂದವರು ತಾವೇ ಕೂಡಿ ನೋಡಬಹುದಿತ್ತು. ಏಳು ಆಯುಕ್ತರಲ್ಲಿ ನಾಲ್ವರು ಫಲಿತಾಂಶವನ್ನು ಒಪ್ಪುವುದಿಲ್ಲವೆಂದರೂ ಈ ಸಲ ನ್ಯಾಯಾಲಯ ಅದನ್ನು ಏಕಮತದಿಂದ ಎತ್ತಿಹಿಡಿಯಿತು.

ಕಾಗದದ ನಮೂನೆಯ ಬಗ್ಗೆ ಇಷ್ಟು ಹೇಳಿದೆನೆಂದು ಚುನಾವಣೆಯ ಯಂತ್ರಗಳ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ಯಂತ್ರ ಖರೀದಿಗೆ ತಿಂಗಳುಗಟ್ಟಲೆ ಸಭೆ ನಡೆಸುವವರು ಸಿಬ್ಬಂದಿ ತರಬೇತಿಗೆ ಕೊಡುವುದು ಅರ್ಧ ದಿನ, ಅದರಲ್ಲೂ ಒಂದು ಗಂಟೆ ಸ್ವಾಗತ ಭಾಷಣಕ್ಕೆ. ನನ್ನ ತರಗತಿಯಲ್ಲಿ ಈಗ ಭಾಷಣವಿಲ್ಲ. ಸಂಜೆಗೆ ಸೇರಿಸಿ, ಒಂದೇ ದೀಪ ಉರಿಸಿ, ಖಾಲಿ ನಮೂನೆಗಳನ್ನು ಹಂಚಿ ಬೇಕೆಂದೇ ತಪ್ಪು ಬರೆಸುತ್ತೇನೆ. ಮೊದಲ ನಮೂನೆಯಲ್ಲಿ ಕೈ ರಬ್ಬರ್ ಹುಡುಕುತ್ತದೆ. ಐದನೆಯದರ ಹೊತ್ತಿಗೆ ತಾನಾಗಿಯೇ ಗೆರೆ ಎಳೆದು, ಸಹಿಗಾಗಿ ಪಕ್ಕದವರತ್ತ ಹಾಳೆ ಸರಿಸುತ್ತದೆ.