ಮರಾಠಿ ಓದಲು ಬರದಿದ್ದರೂ ಇಲ್ಲಿನ ವ್ಯಂಗ್ಯಚಿತ್ರ ಅರ್ಥವಾಗುತ್ತಾ?

ಪ್ರಶ್ನೆ: ಕೆಲಸದ ಮೇಲೆ ಪುಣೆಗೆ ಬಂದವರು ನಾವು. ಮರಾಠಿ ಮಾತು ತಿಳಿಯುತ್ತದೆ, ಓದೋದು ಕಷ್ಟ. ಇಲ್ಲಿನ ದೀಪಾವಳಿ ಅಂಕಗಳ (ಪತ್ರಿಕೆಗಳ ಹಬ್ಬದ ವಿಶೇಷಾಂಕಗಳ) ವ್ಯಂಗ್ಯಚಿತ್ರ ನೋಡುವ ಆಸೆ. ಯಾರಿಂದ ಶುರು ಮಾಡಬೇಕು?

ಉತ್ತರ: ಪುಣೆಯ ಕನ್ನಡಿಗರು ಆಗಾಗ ಕೇಳುವ ಪ್ರಶ್ನೆ ಇದು. ಶಿ. ದ. ಫಡಣೀಸರಿಂದ ಶುರು ಮಾಡಿ. ಅವರ ಹೆಚ್ಚಿನ ಚಿತ್ರಗಳಲ್ಲಿ ಮಾತೇ ಇಲ್ಲ, ಹಾಗಾಗಿ ಭಾಷೆ ಅಡ್ಡ ಬರುವುದಿಲ್ಲ. ಅಂದಹಾಗೆ, ಅವರು 1925ರಲ್ಲಿ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಭೋಜ್‌ನಲ್ಲಿ. ಕಲಿತದ್ದು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ, ನೆಲೆಸಿದ್ದು ಪುಣೆಯಲ್ಲಿ.

ಅನಂತ ಅಂತರಕರ್ ಅವರ ‘ಹಂಸ’, ‘ಮೋಹಿನಿ’ ಪತ್ರಿಕೆಗಳ ಮುಖಪುಟಗಳು ಫಡಣೀಸರನ್ನು ಮನೆಮಾತಾಗಿಸಿದವು. ‘ಮೋಹಿನಿ’ಯ ಒಂದು ಮುಖಪುಟವನ್ನು ಜನ ಇವತ್ತಿಗೂ ನೆನೆಯುತ್ತಾರೆ. ಒಬ್ಬ ಹುಡುಗ, ಒಬ್ಬ ಹುಡುಗಿ. ಅವನ ಅಂಗಿಯ ತುಂಬ ಬೆಕ್ಕು, ಅವಳ ಸೀರೆಯ ತುಂಬ ಇಲಿ. ಅಷ್ಟೇ! ಕೆಳಗೆ ಒಂದು ಸಾಲು ಬರೆದಿದ್ದರೂ ಮಜಾ ಕೆಡುತ್ತಿತ್ತು. ನಗು ಇರುವುದು ಬಟ್ಟೆಯ ಡಿಸೈನಿನಲ್ಲಿ, ಮುಖದಲ್ಲಲ್ಲ. ಫಡಣೀಸರ ಜನ ಎಂಥ ತಲೆಕೆಟ್ಟ ಕೆಲಸವನ್ನೂ ಏನೂ ಆಗಿಲ್ಲ ಎಂಬಂತೆ ಮಾಡುತ್ತಾರೆ. ಗೆರೆ ಬಹಳ ಅಚ್ಚುಕಟ್ಟು. ಮೊದಲು ಮಾಮೂಲಿ ದೃಶ್ಯ ಕಾಣುತ್ತದೆ, ಎಡವಟ್ಟು ಆಮೇಲೆ ಕಣ್ಣಿಗೆ ಬೀಳುತ್ತದೆ. ಆ ತಡವೇ ನಗಿಸೋದು. ಇವರು ಮಹಾರಾಷ್ಟ್ರದ ಶಾಲಾ ಗಣಿತ ಪುಸ್ತಕಗಳಿಗೂ ಚಿತ್ರ ಬರೆದಿದ್ದಾರೆ. ನಡುವಯಸ್ಸಿನ ಮರಾಠಿ ಸಹೋದ್ಯೋಗಿಗಳಿದ್ದರೆ ಕೇಳಿ ನೋಡಿ.

ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್ ಇದಕ್ಕೆ ತದ್ವಿರುದ್ಧ. 1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಶುರುವಾದ ಅವರ ಪುಟ್ಟ ಕಾರ್ಟೂನಿನಲ್ಲಿ ಶ್ರೀಸಾಮಾನ್ಯ ಬಾಯಿ ಬಿಡುವುದಿಲ್ಲ, ನಿಜ. ಆದರೆ ಸುತ್ತಲಿನವರು ಸುಮ್ನಿರಲ್ಲ ಅಲ್ವಾ? ಅಡಿಬರಹ ತೆಗೆದರೆ ಅರ್ಧ ನಗು ಹೋಯಿತು. ಅದು ಇಂಗ್ಲಿಷ್ ಆದ್ದರಿಂದ ನಿಮಗೆ ತೊಂದರೆಯಿಲ್ಲ. 1960ರಲ್ಲಿ ಬಾಳ ಠಾಕ್ರೆ ಶುರು ಮಾಡಿದ ‘ಮಾರ್ಮಿಕ್’ ಎಂಬ ವ್ಯಂಗ್ಯಚಿತ್ರ ವಾರಪತ್ರಿಕೆ ಮಾತ್ರ ಸದ್ಯಕ್ಕೆ ಬೇಡ. ಅದಕ್ಕೆ ಮರಾಠಿ ಬಂದರೂ ಸಾಲದು, ಆ ಕಾಲದ ಮುಂಬಯಿ ರಾಜಕೀಯವೂ ಗೊತ್ತಿರಬೇಕು.

ಗೋವಾದ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಚಿತ್ರ ನೋಡಲು ಪುಸ್ತಕವೂ ಬೇಡ. ಮುಂಬಯಿಗೆ ಹೋದಾಗ ಕೊಲಾಬಾದ ಕೆಫೆ ಮಾಂಡೆಗಾರ್‌ನಲ್ಲಿ ಕೂತು ಗೋಡೆಯ ಮೇಲಿನ ಅವರ ಚಿತ್ರ ನೋಡಿ. ಗಿಜಿಗುಡುವ ಜನ, ಒಬ್ಬೊಬ್ಬರದೂ ಒಂದೊಂದು ಕಥೆ.

ಫಡಣೀಸರ ಸಂಗ್ರಹಗಳನ್ನು ಪುಣೆಯ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ವಿಚಾರಿಸಿ. ಹಳೇ ದೀಪಾವಳಿ ಅಂಕ ಸಿಕ್ಕರೆ ಬಿಡಬೇಡಿ. ಮುಖಪುಟ ಹರಿದಿಲ್ಲ ತಾನೇ ಅಂತ ನೋಡಿಕೊಂಡು ದುಡ್ಡು ಕೊಡಿ.