ಹರಾಜಿನ ಹಳೆ ಕಾರು: ಮೊದಲು ತಗಡು ನೋಡಿ

ಹರಾಜಿಗಿಟ್ಟ ಹಳೆಯ ಕಾರಿನ ಮುಂದೆ ನಿಂತವರಲ್ಲಿ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ಎಂಜಿನ್ ಸ್ಟಾರ್ಟ್ ಆಗುತ್ತದೆಯೇ ಎಂಬುದು. ಕಾಸರಗೋಡಿನಲ್ಲಿ ಮೂವತ್ತೊಂದು ವರ್ಷಗಳಿಂದ ಟಿಂಕರಿಂಗ್ (ಬಾಡಿಯ ತಗಡಿನ ಕೆಲಸ) ಮತ್ತು ಪೇಂಟಿಂಗ್ ವರ್ಕ್‌ಶಾಪ್ ನಡೆಸುತ್ತಿರುವ ನನಗೆ ಈ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಕಳವಳವಾಗುತ್ತದೆ. ಕೆಟ್ಟುಹೋದ ಎಂಜಿನನ್ನು ಸರಿಮಾಡಲು ತಗಲುವ ಖರ್ಚನ್ನು ಅನುಭವವುಳ್ಳ ಮೆಕ್ಯಾನಿಕ್ ಒಂದು ಗಂಟೆಯೊಳಗೆ ಕಾಗದದಲ್ಲಿ ಬರೆದು ಕೊಡಬಲ್ಲ. ತುಕ್ಕು ತಿಂದ ಬಾಡಿಯ ಖರ್ಚನ್ನು ಮಾತ್ರ ಸೀಟು ಕಳಚಿ, ಮ್ಯಾಟ್ ಕಿತ್ತು, ಬಣ್ಣ ಕೆರೆದು ನೋಡುವ ತನಕ ಯಾರೂ ನಿಖರವಾಗಿ ಹೇಳಲಾರರು. ಹರಾಜಿನಲ್ಲಿ ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಕಳೆದುಕೊಂಡದ್ದು ಈ ಎರಡನೆಯ ಲೆಕ್ಕದಲ್ಲಿಯೇ.

ಕಳೆದ ಮಳೆಗಾಲದಲ್ಲಿ ಬದಿಯಡ್ಕ ಕಡೆಯ ಕೃಷಿಕರ ಮನೆಯ ಯುವಕರೊಬ್ಬರು ಖಾಸಗಿ ಸಂಸ್ಥೆಯೊಂದು ಹರಾಜಿಗಿಟ್ಟಿದ್ದ 1986ರ ಪ್ರೀಮಿಯರ್ ಪದ್ಮಿನಿಯನ್ನು ನೋಡಲು ನನ್ನನ್ನು ಕರೆದೊಯ್ದರು. ಅವರ ಅಜ್ಜ ಮಂಗಳೂರಿಗೆ ಅಡಿಕೆ ಮಾರಲು ಹೋಗುತ್ತಿದ್ದದ್ದು ಅಂಥದ್ದೇ ಕಾರಿನಲ್ಲಿ. ಟರ್ಪಾಲಿನ ಅಡಿಯಲ್ಲಿ ನಿಂತಿದ್ದ ಆ ಕೆನೆಬಣ್ಣದ ಕಾರಿನ ಬೋನೆಟ್ಟಿನ ಮೇಲೆ ಕೈಯಿಟ್ಟು ಅವರು ಹೇಳಿದರು: "ಅಣ್ಣಾ, ಎಂಜಿನ್ ತಿರುಗುತ್ತದೆ. ಬಣ್ಣವೂ ಚಂದ ಉಂಟು. ಇನ್ನೆಂತ ನೋಡಲಿಕ್ಕೆ ಉಂಟು?"

ನೋಡಲಿಕ್ಕೆ ಇದ್ದದ್ದು ಬಹಳ, ನೋಡಲು ಬಿಟ್ಟದ್ದು ಸ್ವಲ್ಪ. "ಇದ್ದಲ್ಲಿ ಇದ್ದ ಹಾಗೆ" ಎಂಬುದು ಹರಾಜಿನ ಷರತ್ತು. ಯಾವ ಭಾಗವನ್ನೂ ಕಳಚುವಂತಿರಲಿಲ್ಲ, ಮ್ಯಾಟ್ ಎತ್ತುವುದಕ್ಕೂ ಅನುಮತಿ ಇರಲಿಲ್ಲ. ಹೊರಗಿನಿಂದ ನೋಡಿ ಟಿಂಕರಿಂಗ್ ಕೆಲಸಕ್ಕೆ ಇಪ್ಪತ್ತನಾಲ್ಕು ದಿನ ಬೇಕಾದೀತೆಂದು ನಾನು ಅಂದಾಜು ಮಾಡಿದೆ. ಆ ಅಂದಾಜು ಎಷ್ಟು ತಪ್ಪಿತು, ಏಕೆ ತಪ್ಪಿತು ಎಂಬುದನ್ನು ಹೇಳುವ ಮೊದಲು ನಮ್ಮ ಊರಿನಲ್ಲಿ ತುಕ್ಕು ಹಿಡಿಯುವ ಬಗೆಯನ್ನು ವಿವರಿಸಬೇಕು.

ಕಬ್ಬಿಣ ತುಕ್ಕಾಗಲು ನೀರು ಮತ್ತು ಗಾಳಿಯಲ್ಲಿರುವ ಆಮ್ಲಜನಕ ಎರಡೂ ಬೇಕು; ಉಪ್ಪು ಸೇರಿದರೆ ಆ ಕ್ರಿಯೆ ಇನ್ನಷ್ಟು ವೇಗವಾಗುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಎಲ್ಲವೂ ಸಮುದ್ರದ ಬದಿಯ ಪೇಟೆಗಳು, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ನೆಲ. ಇದರ ಜೊತೆಗೆ ನಮ್ಮ ಕೆಂಪು ಮುರಮಣ್ಣು. ಬಾಗಿಲಿನ ಕೆಳ ಅಂಚಿನಲ್ಲಿಯೂ ಬಾಗಿಲಿನಡಿ ಉದ್ದಕ್ಕೆ ಹೋಗುವ ಸಿಲ್ ಎಂಬ ಪೆಟ್ಟಿಗೆಯಂಥ ತೊಲೆಯಲ್ಲಿಯೂ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಚಕ್ರದಿಂದ ಚಿಮ್ಮಿದ ಕೆಸರು ಆ ತೂತುಗಳನ್ನು ಮುಚ್ಚಿದರೆ ಜೂನ್‌ನಲ್ಲಿ ಒಳಹೊಕ್ಕ ನೀರು ದೀಪಾವಳಿಯ ತನಕವೂ ಆರುವುದಿಲ್ಲ. ಹೀಗಾಗಿ ತಗಡು ಒಳಗಿನಿಂದ ಹೊರಕ್ಕೆ ಸವೆಯುತ್ತದೆ. ತುಕ್ಕಿನ ಗಾತ್ರ ಮೂಲ ಕಬ್ಬಿಣದ ಗಾತ್ರಕ್ಕಿಂತ ಹಲವು ಪಟ್ಟು ಹೆಚ್ಚಾದ್ದರಿಂದ ಬಣ್ಣ ಗುಳ್ಳೆಯೇಳುತ್ತದೆ. ಬಾಡಿಯ ತಗಡಿನ ದಪ್ಪ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಮಾತ್ರ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡಿತೆಂದರೆ ಅದರ ಹಿಂದೆ ಅಂಗೈಯಗಲ ತಗಡು ಹೋಗಿದೆಯೆಂದೇ ನಾನು ತಿಳಿಯುತ್ತೇನೆ. ಪಾಣತ್ತೂರು, ಬಂದಡ್ಕದಂಥ ಘಟ್ಟದ ಬದಿಯ ಊರುಗಳ ಕಾರುಗಳಲ್ಲಿ ಉಪ್ಪಿನ ಹಾವಳಿ ಕಡಿಮೆ, ಕೆಸರಿನ ಹಾವಳಿ ಹೆಚ್ಚು. ಕಾರು ಎಲ್ಲಿ ನಿಲ್ಲುತ್ತಿತ್ತು, ಶೆಡ್ಡಿನಲ್ಲೋ ತೆಂಗಿನ ಮರದಡಿಯಲ್ಲೋ ಎಂದು ವಿಚಾರಿಸುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಕ್ಕಿಂತ ಉಪಯುಕ್ತ.

ಎಲ್ಲ ಕಾರುಗಳಿಗೂ ತುಕ್ಕು ಒಂದೇ ರೀತಿಯ ಪೆಟ್ಟು ಕೊಡುವುದಿಲ್ಲ. ಹಳೆಯ ಜೀಪು ಮತ್ತು ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು ಇದೆ. ಚಾಸಿ ಗಟ್ಟಿಯಿದ್ದರೆ ಬಾಡಿಯ ತಗಡನ್ನು ಬದಲಿಸಿಕೊಳ್ಳಬಹುದು. ಪದ್ಮಿನಿ ಮತ್ತು ಅಂಬಾಸಿಡರ್ ಹಾಗಲ್ಲ. ಅವುಗಳಲ್ಲಿ ಬಾಡಿಯೇ ಚಾಸಿ. ಪ್ಲಾಟ್‌ಫಾರಂ (ಕಾಲಡಿಯ ನೆಲದ ತಗಡು), ಸಿಲ್, ಬಾಗಿಲಿನ ಕಂಬಗಳು, ಹಿಂದಿನ ಪ್ಲೇಟ್ ಸ್ಪ್ರಿಂಗ್ ಸಿಕ್ಕಿಸುವ ಜಾಗ ಇವೆಲ್ಲ ಸೇರಿ ಭಾರ ಹೊರುತ್ತವೆ. ಇಂಥ ಕಾರಿನ ಮಡ್‌ಗಾರ್ಡ್ ಪೂರ್ತಿ ತೂತಾಗಿದ್ದರೂ ನಾನು ಹೆದರುವುದಿಲ್ಲ, ಆದರೆ ಸ್ಪ್ರಿಂಗ್ ಸಿಕ್ಕಿಸುವ ಜಾಗದ ಸುತ್ತ ತಗಡು ಪದರ ಪದರವಾಗಿ ಎದ್ದಿದ್ದರೆ ಆ ಕಾರನ್ನು ಬಿಟ್ಟುಬಿಡಿ ಎನ್ನುತ್ತೇನೆ.

ಪರೀಕ್ಷೆಗೆ ನಾನು ಒಯ್ಯುವ ಸಾಮಾನು ಕಡಿಮೆ: ಒಂದು ಟಾರ್ಚು, ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತ, ಒಂದು ತೆಳು ಸ್ಕ್ರೂಡ್ರೈವರ್, ನೆಲಕ್ಕೆ ಹಾಸಲು ಗೋಣಿಚೀಲ. ಆಯಸ್ಕಾಂತ ತಗಡಿಗೆ ಅಂಟುತ್ತದೆ, ತೂತು-ತಗ್ಗು ಮುಚ್ಚಲು ಮೆತ್ತುವ ಪುಟ್ಟಿಗೆ ಅಂಟುವುದಿಲ್ಲ. ಸಿಲ್‌ನ ಮೇಲೆ ಅದನ್ನು ಮೆಲ್ಲಗೆ ಎಳೆಯುತ್ತ ಹೋದರೆ ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿಂದ ಪುಟ್ಟಿ ಆರಂಭವಾಗಿದೆಯೆಂದು ತಿಳಿಯಬಹುದು. ಬೆರಳ ಗೆಣ್ಣಿನಿಂದ ಬಡಿದರೆ ಒಳ್ಳೆಯ ತಗಡು ಕಣಕಣ ಎನ್ನುತ್ತದೆ, ಪುಟ್ಟಿ ಮೆತ್ತಿದ್ದು ಮರದ ಹಲಗೆಯಂತೆ ಮಂದವಾಗಿ ಸದ್ದು ಮಾಡುತ್ತದೆ. ಬಾಗಿಲನ್ನು ಅರ್ಧ ತೆರೆದು ತುದಿಯಲ್ಲಿ ಹಿಡಿದು ಮೇಲಕ್ಕೆತ್ತಬೇಕು. ಕೀಲಿನ ಬದಲು ಕೀಲು ಕೂರಿಸಿದ ಕಂಬವೇ ಅಲುಗಿದರೆ ಕಂಬದ ಬುಡ ಕೊಳೆತಿದೆ. ಅನುಮತಿ ಸಿಕ್ಕಿದರೆ ಒಂದು ಬದಿಗೆ ಜ್ಯಾಕ್ ಕೊಟ್ಟು ಎತ್ತಿ ಬಾಗಿಲನ್ನು ತೆರೆದು ಮುಚ್ಚಬೇಕು. ನೆಲದಲ್ಲಿದ್ದಾಗ ಸರಿಯಾಗಿ ಕೂರುತ್ತಿದ್ದ ಬಾಗಿಲು ಎತ್ತಿದಾಗ ಉಜ್ಜತೊಡಗಿದರೆ ಬಾಡಿ ನಡುವಿನಲ್ಲಿ ಬಗ್ಗುತ್ತಿದೆ ಎಂದರ್ಥ. ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಆ ದಿನ ಜ್ಯಾಕ್ ಕೊಡಲು ಬಿಡಲಿಲ್ಲ. ಯುವಕರು 52,000 ರೂಪಾಯಿಗೆ ಕಾರನ್ನು ಹಿಡಿದರು. ವರ್ಕ್‌ಶಾಪಿಗೆ ತಂದು ರಬ್ಬರ್ ಮ್ಯಾಟನ್ನು ಎಳೆದಾಗ ಅದರ ಜೊತೆಗೆ ಡಾಮರಿನ ಒಂದು ಪದರ ಎದ್ದು ಬಂತು. ಡಾಮರಿನ ಅಡಿಯಲ್ಲಿ ಒದ್ದೆಯಾದ ಮಲಯಾಳಂ ಪತ್ರಿಕೆಯ ಹಾಳೆಗಳು, ಅದರಡಿಯಲ್ಲಿ ರಿವಿಟ್ ಹೊಡೆದ ಜಿಂಕ್ ಶೀಟು, ಅದರಡಿಯಲ್ಲಿ ಮೂಲ ಪ್ಲಾಟ್‌ಫಾರಂ ಇರಬೇಕಾದಲ್ಲಿ ನಮ್ಮ ಅಂಗಳದ ಜಲ್ಲಿಕಲ್ಲುಗಳು ಕಾಣಿಸಿದವು. ಸಿಲ್‌ಗೆ ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳಕ್ಕೆ ಒತ್ತಿದ ಹಾಗೆ ಹಿಡಿಕೆಯ ತನಕ ಇಳಿಯಿತು. ಹೊರಗೆ ಎಳೆದಾಗ ಒಂದು ಹಿಡಿ ಕೆಂಪು ಪುಡಿ ಸುರಿಯಿತು. "ಮೇಲೆ ಥಳುಕು, ಒಳಗೆ ಹುಳುಕು" ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಅಂದು ಅದನ್ನು ಕೈಯಲ್ಲಿ ಹಿಡಿದಿದ್ದೆ. ಪಕ್ಕದಲ್ಲಿ ನಿಂತಿದ್ದ ಅವರು ಮಾತಾಡಲಿಲ್ಲ. ಇಪ್ಪತ್ತನಾಲ್ಕು ದಿನವೆಂದು ಹೇಳಿದ್ದ ನನಗೂ ತಕ್ಷಣ ಮಾತು ಹೊರಡಲಿಲ್ಲ.

ಆಮೇಲೆ ಹಾಕಿದ ಹೊಸ ಅಂದಾಜಿನಲ್ಲಿ ಟಿಂಕರಿಂಗಿಗೆ ಐವತ್ತೆಂಟು ದಿನಗಳೆಂದಾಯಿತು. ಒಬ್ಬ ಟಿಂಕರ್ ಮತ್ತು ಸಹಾಯಕನಿಗೆ ಸೇರಿ ದಿನಕ್ಕೆ 2,200 ರೂ.ನಂತೆ ಕೂಲಿಯೇ 1,27,600 ರೂ.; ತಗಡು, ವೆಲ್ಡಿಂಗ್ ವೈರ್, ಗ್ಯಾಸ್ ಇತ್ಯಾದಿಗೆ 22,000 ರೂ. ಪೇಂಟಿಂಗಿಗೆ 60,000, ಬ್ರೇಕು ಮತ್ತು ಸಸ್ಪೆನ್ಷನ್‌ಗೆ 28,000, ಟಯರು, ಬ್ಯಾಟರಿ, ವಯರಿಂಗಿಗೆ 36,500, ಗಾಜು, ಬೀಡಿಂಗ್, ಸೀಟಿನ ಕೆಲಸಕ್ಕೆ 42,000, ಕಾಗದಪತ್ರಕ್ಕೆ 16,000, ಸಾಗಿಸಿದ್ದಕ್ಕೆ 6,000. ಎಲ್ಲರೂ ಮೊದಲು ವಿಚಾರಿಸುವ ಎಂಜಿನ್? ಬೋರಿಂಗ್, ಪಿಸ್ಟನ್, ಬೇರಿಂಗ್, ವಾಲ್ವ್, ಸೋಲೆಕ್ಸ್ ಕಾರ್ಬುರೇಟರಿನ ಕೆಲಸ ಎಲ್ಲ ಸೇರಿ 45,000 ರೂ. ದುರಸ್ತಿಯ ಒಟ್ಟು ಮೊತ್ತ 3,83,100 ರೂ. ಇದರಲ್ಲಿ ಎಂಜಿನ್ನಿನ ಪಾಲು ಎಂಟನೆಯ ಒಂದಕ್ಕಿಂತಲೂ ಕಡಿಮೆ, ಬಾಡಿ ಮತ್ತು ಬಣ್ಣದ ಪಾಲು ಅರ್ಧಕ್ಕಿಂತ ಹೆಚ್ಚು. ಹರಾಜಿನ ಮೊತ್ತ ಸೇರಿಸಿದರೆ 4,35,100 ರೂ.; ಅವರು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಒಟ್ಟು ಎರಡೂವರೆ ಲಕ್ಷ.

ಈಗ ಇದೇ ಲೆಕ್ಕವನ್ನು ಇನ್ನೊಂದು ಕಾರಿಗೆ ಹಾಕಿ ನೋಡೋಣ. ಎಂಜಿನ್ ಜಾಮ್ ಆಗಿದೆ, ಬಣ್ಣ ಮಾಸಿದೆ, ಆದರೆ ಪ್ಲಾಟ್‌ಫಾರಂ ಗಟ್ಟಿಯಿದೆ, ಟಿಂಕರಿಂಗ್ ಮೂವತ್ತು ಸಾವಿರದಲ್ಲಿ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಅಂಥ ಕಾರಿಗೆ 1,20,000 ರೂ. ಕೊಟ್ಟರೂ ಉಳಿದ ಖರ್ಚೆಲ್ಲ ಸೇರಿ 3,83,500 ರೂ. ಆಗುತ್ತದೆ. ಹರಾಜಿನಲ್ಲಿ ಎರಡು ಪಟ್ಟಿಗಿಂತ ಹೆಚ್ಚು ತೆತ್ತು ಕೊನೆಯಲ್ಲಿ 51,600 ರೂ. ಉಳಿಸಿದ ಹಾಗಾಯಿತು, ಕೆಲಸವೂ ಒಂದೂವರೆ ತಿಂಗಳು ಮೊದಲೇ ಮುಗಿಯಿತು. ಆದುದರಿಂದ ಬಿಡ್ ಮೊತ್ತವನ್ನು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಬೇಕು: ಕೈಯಲ್ಲಿರುವ ಒಟ್ಟು ಹಣದಿಂದ ದುರಸ್ತಿಯ ಖರ್ಚನ್ನು ಕಳೆಯಿರಿ, ಕಣ್ಣಿಗೆ ಕಾಣದ ಪ್ಲಾಟ್‌ಫಾರಂ ಮತ್ತು ಸಿಲ್ ಹಾಳಾಗಿದೆಯೆಂದೇ ಇಟ್ಟುಕೊಂಡು ಟಿಂಕರಿಂಗ್ ಕೂಲಿಯನ್ನು ಇಮ್ಮಡಿ ಮಾಡಿ, ಉಳಿದದ್ದಷ್ಟೇ ನಿಮ್ಮ ಬಿಡ್. ಏನೂ ಉಳಿಯದಿದ್ದರೆ ಮನೆಗೆ ಮರಳುವುದು ಒಳ್ಳೆಯದು. ನಾನು ಅಂದು ಇಮ್ಮಡಿ ಮಾಡಲಿಲ್ಲ. ಬಣ್ಣ ಹೊಸದಾಗಿತ್ತು, ಅದು ಏಕೆ ಹೊಸದಾಗಿದೆ ಎಂದು ಕೇಳಿಕೊಳ್ಳಬೇಕಿತ್ತು.

ಕಾಗದಪತ್ರದ ವಿಷಯದಲ್ಲಿ ಆಗುವ ನಷ್ಟ ಇದಕ್ಕಿಂತಲೂ ದೊಡ್ಡದು, ಏಕೆಂದರೆ ಅದಕ್ಕೆ ವೆಲ್ಡಿಂಗ್ ಇಲ್ಲ. 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಅಂಥ ಅಂಬಾಸಿಡರ್ ಅಥವಾ ಜೀಪು ಗುಜರಿಗೆ ಹೋಗಬೇಕಾದದ್ದು, ರಸ್ತೆಗಿಳಿಯುವಂಥದ್ದಲ್ಲ. ಸರಕಾರ ನಡೆಸುವ ಹರಾಜಿನಲ್ಲಿ ಮರುನೋಂದಣಿಗೆ ಅರ್ಹವಾದ ವಾಹನ ಸಿಕ್ಕಿದರೆ ಕೈಗೆ ಬಂದ 30 ದಿನಗಳೊಳಗೆ ಅದನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಲು ಫಾರ್ಮ್ 32ರಲ್ಲಿ ಅರ್ಜಿ ಕೊಡಬೇಕು. ಮಾರಾಟವನ್ನು ದೃಢಪಡಿಸುವ ಆದೇಶವನ್ನು ಹರಾಜು ನಡೆಸಿದ ಅಧಿಕಾರಿಯಿಂದ ಅಂದೇ ಪಡೆದುಕೊಳ್ಳುವುದು ಕ್ಷೇಮ. ನಮ್ಮ ಗಡಿಯಲ್ಲಿ ಕರ್ನಾಟಕದ ಕೆಎ 19 (ಮಂಗಳೂರು), ಕೆಎ 21 (ಪುತ್ತೂರು) ನಂಬರಿನ ಕಾರುಗಳು ಹರಾಜಿಗೆ ಬರುವುದು ಸಾಮಾನ್ಯ. ಅವುಗಳನ್ನು ಕಾಸರಗೋಡಿನ ಕೆಎಲ್ 14ಕ್ಕೆ ತರಲು ಮೂಲ ಆರ್‌ಟಿಒ ಕಚೇರಿಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಕೇರಳದ ತೆರಿಗೆ ಬೇರೆ. 20 ವರ್ಷ ಮೀರಿದ ಕಾರಿನ ನೋಂದಣಿ ನವೀಕರಣದ ಶುಲ್ಕವೇ 2025ರ ಆಗಸ್ಟ್‌ನಿಂದ 10,000 ರೂ. ಆಗಿದೆ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು 20,000 ರೂ. ಶುಲ್ಕ ಕಟ್ಟಿ ನೋಂದಾಯಿಸಬಹುದು. ನಂಬರಿನಲ್ಲಿ "ವಿಎ" ಎಂಬ ಅಕ್ಷರಗಳಿರುತ್ತವೆ, ಹತ್ತು ವರ್ಷ ಊರ್ಜಿತವಿರುತ್ತದೆ. ಆದರೆ ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಚಾಸಿ, ಬಾಡಿ ಅಥವಾ ಎಂಜಿನನ್ನು ಮಾರ್ಪಡಿಸಿದ ಕಾರಿಗೆ ಆ ಮನ್ನಣೆ ಸಿಗುವುದಿಲ್ಲವಾದ್ದರಿಂದ, ಬೇರೆ ಡೀಸೆಲ್ ಎಂಜಿನ್ ಕೂರಿಸಿದ ಹಳೆಯ ಅಂಬಾಸಿಡರನ್ನು ಆ ಆಸೆಯಿಂದ ಕೊಳ್ಳಬಾರದು.

ಬಿಡಿಭಾಗಗಳ ಬಗ್ಗೆ ಒಂದೇ ಮಾತು. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್‌ನಲ್ಲಿ ರಸ್ತೆ ಬಿಟ್ಟವು. ಹಳೆಯ ಟ್ಯಾಕ್ಸಿಗಳಿಂದ ಕಳಚಿದ ಗಾಜು, ಹಿಡಿಕೆ, ಬಂಪರು ಸಿಕ್ಕಿದರೆ ಧಾರಾಳವಾಗಿ ಕೊಳ್ಳಿ, ಪ್ಲಾಟ್‌ಫಾರಂ ತಗಡನ್ನು ಮಾತ್ರ ತರಬೇಡಿ. ಅದೂ ನಮ್ಮಂಥದ್ದೇ ಕಡಲ ತೀರದಲ್ಲಿ ನಿಂತದ್ದು.

ಬದಿಯಡ್ಕದ ಆ ಪದ್ಮಿನಿಯನ್ನು ಗುಜರಿಗೆ ಕೊಡೋಣವೇ ಎಂದು ನಾನೇ ಕೇಳಿದೆ. ಅವರು ಮೂರು ದಿನ ಯೋಚಿಸಿ ಬೇಡವೆಂದರು. ಹಣ ಕೂಡಿದ ಹಾಗೆ ಹಂತಹಂತವಾಗಿ ಮಾಡೋಣ ಎಂದರು. ಹಾಗೆ ಮಾಡುವುದಾದರೆ ಬಾಡಿಯೇ ಮೊದಲು. ಬಾಗಿಲಿನ ಚೌಕಟ್ಟುಗಳಿಗೆ ಅಡ್ಡಲಾಗಿ ಕಬ್ಬಿಣದ ಪೈಪು ವೆಲ್ಡ್ ಮಾಡಿ ಬಾಡಿಯನ್ನು ಬಿಗಿದ ಮೇಲೆ ಒಂದು ಬದಿಯ ಸಿಲ್ ಕತ್ತರಿಸಿ ಪೂರ್ತಿಗೊಳಿಸಿ, ಅನಂತರವೇ ಇನ್ನೊಂದು ಬದಿಗೆ ಕೈಹಾಕಿದೆವು. ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಕಾರು ನಡುಮುರಿದಂತೆ ಇಳಿಯುತ್ತದೆ, ಮತ್ತೆ ಬಾಗಿಲು ಕೂರುವುದಿಲ್ಲ. ತುಕ್ಕಿನ ಮೇಲೆ ತೇಪೆ ಹಾಕದೆ ಒಳ್ಳೆಯ ತಗಡು ಸಿಗುವ ತನಕ ಕತ್ತರಿಸಿದೆವು. ಹೊಸ ಸಿಲ್‌ನ ಒಳಗೆ ಜಿಂಕ್ ಪ್ರೈಮರ್, ಅದರ ಮೇಲೆ ಮೇಣ ಹೊಡೆದಿದ್ದೇವೆ.

ಕಾರು ಈಗ ಬೂದುಬಣ್ಣದ ಪ್ರೈಮರಿನಲ್ಲಿ ಅವರ ಮನೆಯ ಅಡಿಕೆ ಶೆಡ್ಡಿನಲ್ಲಿ ನಿಂತಿದೆ, ಎಂಜಿನನ್ನು ಇನ್ನೂ ಬಿಚ್ಚಿಲ್ಲ. ಒಯ್ಯುವ ದಿನ ಸಿಲ್‌ನ ಅಡಿಯಲ್ಲಿರುವ ಆರು ತೂತುಗಳನ್ನು ಅವರ ಕೈಬೆರಳಿನಿಂದಲೇ ಮುಟ್ಟಿಸಿ ತೋರಿಸಿದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಾರು ಹೊರಗಿಳಿದ ಮರುದಿನ ಹಿಡಿಸೂಡಿಯ ಒಂದು ಕಡ್ಡಿಯನ್ನು ಆ ತೂತುಗಳಲ್ಲಿ ಆಡಿಸಬೇಕು, ಕೆಸರು ಇಳಿದು ನೀರು ತೊಟ್ಟಿಕ್ಕುವ ತನಕ.