ಆಕ್ಷನ್ ಸ್ಕ್ರೂ ಎಷ್ಟು ಬಿಗಿಯಬೇಕು?

ಆಕ್ಷನ್ ಎಂದರೆ ನಳಿಗೆಯ ಹಿಂದಿರುವ, ಬೋಲ್ಟ್ ಓಡಾಡುವ ಲೋಹದ ಭಾಗ; ಅದನ್ನು ಸ್ಟಾಕಿಗೆ, ಅಂದರೆ ರೈಫಲ್ಲಿನ ಹಿಡಿಯುವ ಒಡಲಿಗೆ, ಬಿಗಿಯುವುದು ಆಕ್ಷನ್ ಸ್ಕ್ರೂ. ಆಕ್ಷನ್ ಕದಲದೆ ಕೂರಲೆಂದು ಸ್ಟಾಕಿನೊಳಗೆ ಎಪಾಕ್ಸಿ ಅಂಟಿನಿಂದ ಮಾಡುವ ಹಾಸೇ ಬೆಡ್ಡಿಂಗ್. ಬೆಡ್ಡಿಂಗ್ ಮಾಡಿಸಿದ ರೈಫಲ್‌ಗೆ ಸ್ಕ್ರೂ ಎಷ್ಟು ಬಿಗಿಯಬೇಕು ಎಂದು ಕೇಳುವವರಿಗೆ ಮೊದಲು ಒಂದು ಮರುಪ್ರಶ್ನೆ ಹಾಕಬೇಕಾಗುತ್ತದೆ: ಸ್ಕ್ರೂ ಹಾಕುವ ಬಿಗಿಯನ್ನು ಹೊರುವುದು ಯಾವುದು, ಬರೀ ಮರವೋ, ಸ್ಕ್ರೂ ತೂತಿನಲ್ಲಿ ಕೂರಿಸುವ ಲೋಹದ ಕೊಳವೆ, ಅಂದರೆ ಪಿಲ್ಲರೋ? ಪಿಲ್ಲರ್ ಇಲ್ಲದ ಮರದ ಸ್ಟಾಕ್ ಆದರೆ 35ರಿಂದ 40 ಇಂಚ್-ಪೌಂಡ್, ಅಂದರೆ ಸುಮಾರು 4ರಿಂದ 4.5 ನ್ಯೂಟನ್-ಮೀಟರ್ ಸಾಕು. ಅಲ್ಯೂಮಿನಿಯಂ ಪಿಲ್ಲರ್ ಕೂರಿಸಿ ಎಪಾಕ್ಸಿ ಹಾಕಿದ ದೊಡ್ಡ ಬೋರಿನ ರೈಫಲ್‌ಗೆ, ಕಾಲು ಇಂಚಿನ ಸ್ಕ್ರೂ ಇದ್ದರೆ, 60ರಿಂದ 65 ಇಂಚ್-ಪೌಂಡ್, ಅಂದರೆ ಸುಮಾರು 7 ನ್ಯೂಟನ್-ಮೀಟರ್. ಮರದ ಸ್ಟಾಕಿನ .22 ಬೋರಿನ ಸಣ್ಣ ರೈಫಲ್ಲಿಗೆ 20ರಿಂದ 25 ಇಂಚ್-ಪೌಂಡಿನಿಂದ ಶುರುಮಾಡಿ. ತಯಾರಕರು ತಮ್ಮ ಕೈಪಿಡಿಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಅಂತಿಮ.

ನಮ್ಮ ಕಡೆ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಸಕಲೇಶಪುರ, ಮೂಡಿಗೆರೆ ಕಡೆ ಮುಂಗಾರು ಹಿಡಿದರೆ ಮರ ತೇವ ಕುಡಿದು ಉಬ್ಬುತ್ತದೆ. ಅದೇ ಸ್ಟಾಕನ್ನು ಬೇಸಿಗೆಯಲ್ಲಿ ಅರಸೀಕೆರೆಗೋ ಕಡೂರಿಗೋ ಒಯ್ದರೆ ಒಣಗಿ ಕುಗ್ಗುತ್ತದೆ. ಪಿಲ್ಲರ್ ಇಲ್ಲದಿದ್ದರೆ ಜುಲೈನಲ್ಲಿ ಹಾಕಿದ ಬಿಗಿ ಮಾರ್ಚ್‌ಗೆ ಸಡಿಲವಾಗಿರುತ್ತದೆ. ಪಿಲ್ಲರಿನ ಮೇಲ್ತುದಿ ಆಕ್ಷನ್‌ಗೂ ಕೆಳತುದಿ ಟ್ರಿಗರ್ ಗಾರ್ಡ್ ಇರುವ ಕೆಳಗಿನ ಲೋಹದ ಪಟ್ಟಿಗೂ ನೇರವಾಗಿ ತಾಗಿರಬೇಕು. ಆಗ ಮಾತ್ರ ಸ್ಕ್ರೂ ಹಾಕುವ ಬಿಗಿ ಲೋಹದಿಂದ ಲೋಹಕ್ಕೆ ಹೋಗುತ್ತದೆ. ಬೆಡ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಸ್ಕ್ರೂ ತೂತು, ಮ್ಯಾಗಜೀನ್ ಕೂರುವ ಜಾಗಗಳಲ್ಲಿ ವಾರ್ನಿಷ್ ಇಲ್ಲದ ಬರೀ ಮರ ಬಯಲಾಗಿದ್ದರೆ ತೇವ ಅಲ್ಲಿಂದಲೇ ಒಳಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಆ ಜಾಗಗಳಿಗೆ ತೆಳುವಾಗಿ ವಾರ್ನಿಷ್ ಹೊಡೆಯಿರಿ.

ಕೈ ಅಂದಾಜನ್ನು ನಂಬಬೇಡಿ. ಗ್ಯಾರೇಜಿನಲ್ಲಿ ಬಿಗಿ ಅಳೆಯುವ ದೊಡ್ಡ ಟಾರ್ಕ್ ವ್ರೆಂಚ್ ಇಷ್ಟು ಸಣ್ಣ ಅಳತೆಗೆ ಬರುವುದಿಲ್ಲ. ಸೈಕಲ್ ರಿಪೇರಿಗೆಂದು ಸಿಗುವ, 2ರಿಂದ 10 ನ್ಯೂಟನ್-ಮೀಟರ್ ತೋರಿಸುವ ಸಣ್ಣ ವ್ರೆಂಚ್ ಸರಿಹೋಗುತ್ತದೆ. ಬಿಟ್ ಸ್ಕ್ರೂ ತಲೆಗೆ ಬಿಗಿಯಾಗಿ ಕೂರಬೇಕು, ಇಲ್ಲವಾದರೆ ತಲೆ ಸವೆಯುತ್ತದೆ. ಸ್ಕ್ರೂ ಮರೆಯನ್ನು, ಅಂದರೆ ಥ್ರೆಡ್ಡನ್ನು, ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಿ. ಎಣ್ಣೆ ಹತ್ತಿದ ಮರೆಯಲ್ಲಿ ಘರ್ಷಣೆ ಕಡಿಮೆಯಾಗಿ, ಅದೇ ಅಂಕಿಗೆ ಹೆಚ್ಚು ಬಿಗಿ ಬೀಳುತ್ತದೆ.

ಕೆಲಸಕ್ಕೆ ಕೈ ಹಾಕುವ ಮೊದಲು ಬೋಲ್ಟ್ ತೆಗೆದಿಟ್ಟು, ಚೇಂಬರ್ ಮತ್ತು ಮ್ಯಾಗಜೀನ್ ಖಾಲಿಯಿರುವುದನ್ನು ಕಣ್ಣಿಂದಲೂ ಬೆರಳಿಂದಲೂ ಖಚಿತ ಮಾಡಿಕೊಳ್ಳಿ. ಬುಡವನ್ನು ರಬ್ಬರ್ ಮ್ಯಾಟ್ ಮೇಲಿಟ್ಟು ನಳಿಗೆ ಮೇಲೆ ಬರುವಂತೆ ರೈಫಲ್ ನೆಟ್ಟಗೆ ನಿಲ್ಲಿಸಿ. ಆಗ ಆಕ್ಷನ್ ತನ್ನ ಭಾರಕ್ಕೇ ಹಿಂದಕ್ಕೆ ಸರಿದು, ಗುಂಡು ಹಾರಿದಾಗಿನ ಹಿಂದೊತ್ತನ್ನು ಸ್ಟಾಕಿಗೆ ದಾಟಿಸುವ ರಿಕಾಯಿಲ್ ಲಗ್ ತನ್ನ ಜಾಗದಲ್ಲಿ ಒತ್ತಿ ಕೂರುತ್ತದೆ. ಮುಂದಿನ ಸ್ಕ್ರೂ, ಹಿಂದಿನ ಸ್ಕ್ರೂ ಎರಡನ್ನೂ ಬೆರಳಲ್ಲಿ ತಿರುಗಿಸಿ. ಆಮೇಲೆ ಮುಂದಿನದಕ್ಕೆ ಅರ್ಧ ಬಿಗಿ, ಹಿಂದಿನದಕ್ಕೆ ಅರ್ಧ; ಮತ್ತೆ ಮುಂದಿನದು ಪೂರ್ತಿ, ಹಿಂದಿನದು ಪೂರ್ತಿ. ಕೆಲವು ಮಾದರಿಗಳಂತೆ ನಡುವೆ ಮೂರನೆಯ ಸ್ಕ್ರೂ ಇದ್ದರೆ ಅದನ್ನು ಕೊನೆಗೆ, ಬಿದ್ದುಹೋಗದಷ್ಟು ಮಾತ್ರ ತಿರುಗಿಸಿ. ನಡು ಸ್ಕ್ರೂ ಜಗ್ಗಿದರೆ ಆಕ್ಷನ್ ಬಾಗುತ್ತದೆ.

ಬೆಡ್ಡಿಂಗ್ ನಿಜವಾಗಿಯೂ ಸರಿಯಿದೆಯೇ ಎಂಬುದನ್ನು ಈ ಸ್ಕ್ರೂಗಳೇ ಹೇಳುತ್ತವೆ. ಸಣ್ಣ ಕದಲಿಕೆ ಅಳೆಯುವ ಡಯಲ್ ಗೇಜಿನ ಮ್ಯಾಗ್ನೆಟ್ ಬುಡವನ್ನು ನಳಿಗೆಗೆ ಹಿಡಿಸಿ, ಅದರ ಅಳೆಯುವ ಕಡ್ಡಿಯ ತುದಿ ಸ್ಟಾಕಿನ ಮುಂತುದಿಗೆ ತಾಗುವಂತೆ ಇಡಿ. ಎರಡೂ ಸ್ಕ್ರೂ ಪೂರ್ತಿ ಬಿಗಿಯಿದ್ದಾಗ ಸೊನ್ನೆಗೆ ತಂದು, ಮುಂದಿನದನ್ನು ನಿಧಾನಕ್ಕೆ ಸಡಿಲಿಸಿ ನೋಡಿ. ಮುಳ್ಳು 0.025 ಮಿಲಿಮೀಟರ್ ಒಳಗೆ ನಿಂತರೆ ಕೆಲಸ ಅಚ್ಚುಕಟ್ಟು. 0.05 ದಾಟಿದರೆ ಆಕ್ಷನ್ ತನ್ನ ಹಾಸಿಗೆಯ ಮೇಲೆ ಸಹಜವಾಗಿ ಕೂತಿಲ್ಲ, ಸ್ಕ್ರೂ ಅದನ್ನು ಬಗ್ಗಿಸಿ ಕೂರಿಸುತ್ತಿದೆ ಎಂದರ್ಥ. ಮತ್ತೆ ಬಿಗಿದು ಹಿಂದಿನದನ್ನೂ ಹೀಗೇ ನೋಡಿ. ಗೇಜ್ ಇಲ್ಲದವರು ನಳಿಗೆ ಮತ್ತು ಸ್ಟಾಕ್ ಸೇರುವಲ್ಲಿ ಬೆರಳಿಟ್ಟು ಸಡಿಲಿಸಲಿ. ದೊಡ್ಡ ದೋಷವಿದ್ದರೆ ಬೆರಳಿಗೇ ತಿಳಿಯುತ್ತದೆ.

ಇಲ್ಲೇ ಬಹಳ ಜನ ಎಡವುತ್ತಾರೆ. .22ರಲ್ಲಿ ಸ್ಕ್ರೂ ಬಿಗಿಯನ್ನು ಎರಡೆರಡು ಇಂಚ್-ಪೌಂಡ್ ಏರಿಸಿ ಇಳಿಸಿ, 50 ಮೀಟರಿನಲ್ಲಿ ಗುಂಪು (ಗುರಿಹಲಗೆಯ ಮೇಲೆ ಗುಂಡೇಟುಗಳ ಹರವು) ಚಿಕ್ಕದಾಗುವ ಅಂಕಿ ಹುಡುಕುವ ರೂಢಿಯಿದೆ. ಒಂದೇ ಬ್ಯಾಚಿನ ಗುಂಡು ಬಳಸಿ ಹುಡುಕುವುದರಲ್ಲಿ ತಪ್ಪಿಲ್ಲ. ಆದರೆ ಅಷ್ಟು ಸಣ್ಣ ವ್ಯತ್ಯಾಸಕ್ಕೇ ಗುಂಪು ಎರಡರಷ್ಟು ಹಿಗ್ಗುತ್ತಿದ್ದರೆ ಅದು ಬೆಡ್ಡಿಂಗ್ ದೋಷ. ಸ್ಕ್ರೂವಿನಿಂದ ಅದನ್ನು ಮುಚ್ಚಿದರೆ ಮುಂದಿನ ಮಳೆಗಾಲದಲ್ಲಿ ಮತ್ತೆ ಬಯಲಿಗೆ ಬರುತ್ತದೆ.

ವ್ರೆಂಚ್ 65 ಇಂಚ್-ಪೌಂಡಿನಷ್ಟು ತೋರಿಸಿದರೂ ಆಕ್ಷನ್ ಸಡಿಲವಿರಬಹುದು. ಸ್ಕ್ರೂ ಉದ್ದವಾಗಿ ತೂತಿನ ತಳಕ್ಕೆ ತಾಗಿದಾಗ, ಅಥವಾ ಮ್ಯಾಗಜೀನ್ ಪೆಟ್ಟಿಗೆ ಆಕ್ಷನ್‌ಗೂ ಕೆಳಪಟ್ಟಿಗೂ ನಡುವೆ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಸ್ಕ್ರೂ ಪೂರ್ತಿ ಬಿಗಿದ ಮೇಲೂ ಪೆಟ್ಟಿಗೆ ಕೊಂಚ ಅಲುಗಬೇಕು. ಮುಂದಿನ ಸ್ಕ್ರೂ ಉದ್ದವಾದರೆ ಕೆಲವು ಮಾದರಿಗಳಲ್ಲಿ ಬೋಲ್ಟಿನ ಲಗ್ ಮುಚ್ಚುವಾಗ ತುದಿಗೆ ತಾಗಿ ತಡೆಯುತ್ತದೆ. ಸ್ಕ್ರೂವಿನ ಪಕ್ಕ ಪಿಲ್ಲರ್ ತೂತಿನ ಗೋಡೆಗೆ ಉಜ್ಜಿದ ಹೊಳಪು ಕಂಡರೆ, ರಿಕಾಯಿಲ್ ಲಗ್ ಹೊರಬೇಕಾದ ಹಿಂದೊತ್ತನ್ನು ಸ್ಕ್ರೂ ಹೊರುತ್ತಿದೆ; ತೂತು ತುಸು ಅಗಲಿಸಬೇಕು.

ಹೊಸ ಬೆಡ್ಡಿಂಗ್‌ಗೆ ಅವಸರ ಬೇಡ. ಎಪಾಕ್ಸಿ ಗಟ್ಟಿಯಾಗುವಾಗ ಸ್ಕ್ರೂ ಜಗ್ಗಿದರೆ ಬಾಗಿದ ಆಕ್ಷನ್ನಿನ ಅಚ್ಚೇ ಅಲ್ಲಿ ಉಳಿಯುತ್ತದೆ. ಮಲೆನಾಡಿನ ತಂಪಿನಲ್ಲಿ ಅದು ಗಟ್ಟಿಯಾಗಲು ಡಬ್ಬದ ಮೇಲೆ ಬರೆದದ್ದಕ್ಕಿಂತ ಹೆಚ್ಚು ಸಮಯ ಬೇಕು. ಪೂರ್ತಿ ಬಿಗಿ ಹಾಕುವುದು ಆಮೇಲೆ.

ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಪಟ್ಟಿಯವರೆಗೆ ಉಗುರುಬಣ್ಣದ ಸಣ್ಣ ಗೆರೆ ಎಳೆದಿಡಿ. ಗೆರೆ ಜರುಗಿದರೆ ಸ್ಕ್ರೂ ತಿರುಗಿದೆ. ಮೊದಲ ಇಪ್ಪತ್ತು ಗುಂಡಿನ ಬಳಿಕ, ಮಳೆಗಾಲ ಮುಗಿದ ಮೇಲೆ, ಚುನಾವಣೆಗೆಂದು ಠಾಣೆಯಲ್ಲಿ ಠೇವಣಿಯಿಟ್ಟ ಬಂದೂಕು ವಾಪಸ್ ಬಂದಾಗ ಒಮ್ಮೆ ವ್ರೆಂಚ್ ಹಾಕಿ ನೋಡಿ. ಸ್ಕ್ರೂ ತಿರುಗುತ್ತಲೇ ಇದ್ದು ವ್ರೆಂಚ್ ಕ್ಲಿಕ್ ಆಗದಿದ್ದರೆ ಅಲ್ಲಿಗೇ ನಿಲ್ಲಿಸಿ, ಮರೆ ಹರಿಯುತ್ತಿದೆ. ಆಕ್ಷನ್ನಿನ ಮರೆ ಸರಿಪಡಿಸುವುದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ.